ಹಾರ್ಟ್ ಸಿಗ್ನಲ್ ಲೂಪಿನಲ್ಲಿದೆಯೇ? ಕಿವಿಯಿಂದಲೇ ಪತ್ತೆಹಚ್ಚಿ

ಹಾರ್ಟ್ (HART) ಎಂದರೆ ಕಾರ್ಖಾನೆಯ ಟ್ರಾನ್ಸ್‌ಮಿಟರ್, ಅಂದರೆ ಒತ್ತಡ, ಉಷ್ಣತೆಯಂಥದ್ದನ್ನು ಅಳೆದು ಕರೆಂಟಾಗಿ ಕಳಿಸುವ ಉಪಕರಣ, ಅದರ ಜೊತೆ ಅದೇ ತಂತಿಗಳ ಲೂಪಿನಲ್ಲಿ ಮಾತಾಡುವ ಡಿಜಿಟಲ್ ವಿಧಾನ. ಮಾತಾಡಿಸಲು ಕೈಯಲ್ಲಿ ಹಿಡಿಯುವ ಕಮ್ಯುನಿಕೇಟರ್‌ಗೆ ಟ್ರಾನ್ಸ್‌ಮಿಟರ್ ಸಿಗದಿದ್ದರೆ, ಪ್ರಶ್ನೆಯೇ ಹೊರಡಲಿಲ್ಲವೋ ಉತ್ತರ ಬರಲಿಲ್ಲವೋ ಪರದೆ ಹೇಳುವುದಿಲ್ಲ. ಕಿವಿ ಹೇಳುತ್ತದೆ. 4–20 ಮಿಲಿಆಂಪ್ ಕರೆಂಟಿನ ಮೇಲೆ ಹಾರ್ಟ್ 1ಕ್ಕೆ 1200 ಹರ್ಟ್ಸ್, 0ಗೆ 2200 ಹರ್ಟ್ಸ್ ಕಳಿಸುತ್ತದೆ. ಎರಡೂ ಚೆನ್ನಾಗಿ ಕೇಳುವ ಸ್ವರಗಳೇ.

ಬ್ಯಾಟರಿಯಲ್ಲಿ ನಡೆಯುವ, ಸ್ಪೀಕರ್ ಇರುವ ಪುಟ್ಟ ಆಂಪ್ಲಿಫೈಯರ್ ಸಾಕು. ಇನ್‌ಪುಟ್ ಇಂಪೆಡೆನ್ಸ್ 10 ಕಿಲೋಓಮ್‌ಗಿಂತ ಕಡಿಮೆ ಬೇಡ. ಇನ್‌ಪುಟ್‌ನ ಎರಡೂ ತಂತಿಗಳಿಗೆ 0.1 ಮೈಕ್ರೋಫ್ಯಾರಡ್, 100 ವೋಲ್ಟ್‌ನ ಫಿಲ್ಮ್ ಕೆಪಾಸಿಟರ್ ಒಂದೊಂದನ್ನು ಸರಣಿಯಲ್ಲಿ ಬೆಸುಗೆ ಹಾಕಿ, ತುದಿಗೆ ಕ್ಲಿಪ್ ಕಟ್ಟಿ. ಡಿಸಿ ಅಲ್ಲೇ ನಿಲ್ಲುತ್ತದೆ, ಸ್ವರ ಮಾತ್ರ ಒಳಗೆ ಬರುತ್ತದೆ. ಇಯರ್‌ಫೋನನ್ನು ನೇರವಾಗಿ ಲೂಪಿಗೆ ಸಿಕ್ಕಿಸಬೇಡಿ.

ಸ್ಫೋಟದ ಅಪಾಯವಿರುವ ಜಾಗದಲ್ಲಿ ಮನೆಯಲ್ಲೇ ಮಾಡಿದ ಈ ಉಪಕರಣ ಬೇಡವೇ ಬೇಡ. ಬ್ಯಾರಿಯರ್‌ನ (ಅಪಾಯದ ಜಾಗಕ್ಕೆ ಹೋಗುವ ವಿದ್ಯುತ್ತಿಗೆ ಮಿತಿ ಹಾಕುವ ಸಾಧನ) ಸುರಕ್ಷಿತ ಬದಿಯಲ್ಲಿ ಮಾತ್ರ ಕೇಳಿ. ಆ ಲೂಪಿನ ಕಂಟ್ರೋಲರನ್ನು ಮೊದಲು ಮ್ಯಾನುಯಲ್‌ಗೆ ಹಾಕಿ, ಯಾಕೆಂದರೆ ಕ್ಲಿಪ್ ಜಾರಿ ಎರಡು ಟರ್ಮಿನಲ್ ತಾಗಿದರೆ ರೀಡಿಂಗ್ ಎಗರುತ್ತದೆ.

ಕ್ಲಿಪ್‌ಗಳನ್ನು ಲೂಪಿನಲ್ಲಿ ಸರಣಿಯಲ್ಲಿರುವ 250 ಓಮ್ ರೆಸಿಸ್ಟರ್‌ನ ಎರಡು ತುದಿಗೆ ಹಾಕಿ. ಅಲ್ಲಿ ಡಿಸಿ ಬರೀ 1ರಿಂದ 5 ವೋಲ್ಟ್. ಕಮ್ಯುನಿಕೇಟರ್‌ನಿಂದ ಪೋಲ್ ಮಾಡಿದಾಗ (ಟ್ರಾನ್ಸ್‌ಮಿಟರನ್ನು ಕರೆದಾಗ) ‘ಗುರ್ರ್–ಚಿರ್ರ್’ ಎಂದು ಕೇಳುವುದು ಮಾಸ್ಟರ್‌ನ, ಅಂದರೆ ಕಮ್ಯುನಿಕೇಟರ್‌ನ, ಪ್ರಶ್ನೆ. ಕೂಡಲೇ ಸ್ವಲ್ಪ ಮೆಲ್ಲಗೆ ಬರುವ ಇನ್ನೊಂದು ಟ್ರಾನ್ಸ್‌ಮಿಟರ್‌ನ ಉತ್ತರ. ಮೊದಲಿನ ಗುರ್ರ್ ಪ್ರಿಆಂಬಲ್, ಅಂದರೆ ಸಂದೇಶದ ಮುನ್ನುಡಿ: 5ರಿಂದ 20 ಎಫ್‌ಎಫ್ (ಎಂಟೂ ಬಿಟ್ 1 ಇರುವ) ಬೈಟ್‌ಗಳು. ಪ್ರತಿ ಬೈಟಿನ 11 ಬಿಟ್‌ಗಳಲ್ಲಿ ಸ್ಟಾರ್ಟ್ ಬಿಟ್ ಒಂದೇ 0 ಆದ್ದರಿಂದ, 1200ರ ಸ್ವರ ಸೆಕೆಂಡಿಗೆ ಸುಮಾರು 109 ಸಲ ತಡವರಿಸುತ್ತದೆ.

ಏನೂ ಕೇಳದಿದ್ದರೆ ಗಾಬರಿ ಬೇಡ. ಬರ್ಸ್ಟ್ ಮೋಡ್ (ತಾನಾಗಿಯೇ ಮತ್ತೆ ಮತ್ತೆ ಕಳಿಸುವ ಕ್ರಮ) ಇಲ್ಲದ ಟ್ರಾನ್ಸ್‌ಮಿಟರ್ ಪ್ರಶ್ನೆ ಬಾರದೆ ಬಾಯಿ ಬಿಡುವುದಿಲ್ಲ. ಪೋಲ್ ಮಾಡಿದರೂ ಎರಡು ಸದ್ದೂ ಕ್ಷೀಣವಾಗಿದ್ದರೆ ಲೂಪಿನ ರೆಸಿಸ್ಟೆನ್ಸ್ ಅಳೆಯಿರಿ: 230 ಓಮ್‌ಗಿಂತ ಕಡಿಮೆಯಾದರೆ ಪವರ್ ಸಪ್ಲೈಯೇ ಸಿಗ್ನಲ್ಲನ್ನು ನುಂಗುತ್ತದೆ. ಟ್ರಾನ್ಸ್‌ಮಿಟರ್‌ನ ಉತ್ತರ 1 ಮಿಲಿಆಂಪ್ ಪೀಕ್-ಟು-ಪೀಕ್. 250 ಓಮ್‌ನಲ್ಲಿ ಅದು 250 ಮಿಲಿವೋಲ್ಟ್, 50 ಓಮ್‌ನಲ್ಲಿ ಬರೀ 50. ಪ್ರಶ್ನೆ ಜೋರಾಗಿದ್ದು ಉತ್ತರವೇ ಇಲ್ಲವೆಂದರೆ ಪೋಲಿಂಗ್ ಅಡ್ರೆಸ್ (ಟ್ರಾನ್ಸ್‌ಮಿಟರನ್ನು ಕರೆಯುವ ಸಂಖ್ಯೆ) ನೋಡಿ, ಆಮೇಲೆ ಟ್ರಾನ್ಸ್‌ಮಿಟರ್ ಟರ್ಮಿನಲ್‌ನ ವೋಲ್ಟೇಜ್. ನಡುವೆ ಐಸೊಲೇಟರ್ (ಎರಡು ಸರ್ಕ್ಯೂಟ್‌ಗಳನ್ನು ಬೇರ್ಪಡಿಸುವ ಸಾಧನ) ಇದ್ದರೆ ಅದು ಹಾರ್ಟ್ ದಾಟಿಸುವ ಮಾದರಿಯೇ ಎಂದು ಖಚಿತಪಡಿಸಿಕೊಳ್ಳಿ.

ಎಲ್ಲವನ್ನೂ ಮುಚ್ಚುವಂಥ 50 ಹರ್ಟ್ಸ್ ಗುಂಯ್‌ಗುಡುವಿಕೆ ಇದ್ದರೆ ಕೇಬಲ್‌ನ ಶೀಲ್ಡ್ ಎರಡೂ ತುದಿಯಲ್ಲಿ ಅರ್ತ್ ಆಗಿರಬಹುದು. ಒಂದು ತುದಿಯದನ್ನು ಬಿಚ್ಚಿ ಮತ್ತೆ ಕೇಳಿ.