ಹಳೆಯ ಜೀಪಿಗೆ ಡಿಸ್ಕ್ ಬ್ರೇಕ್ ಅಳವಡಿಸುವ ಕ್ರಮ

ಮಲೆನಾಡಿನ ಕಾಫಿ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಸಿಜೆ-3ಬಿ ಮಾದರಿಯ ಮಹೀಂದ್ರಾ ಜೀಪುಗಳ ನಾಲ್ಕೂ ಚಕ್ರಗಳಿಗೆ ಇರುವುದು 9 ಇಂಚಿನ ಡ್ರಮ್ ಬ್ರೇಕ್. ಹಳ್ಳ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರೂ ಕೆಸರೂ ನಿಂತು ಜೀಪು ಒಂದೇ ಕಡೆಗೆ ಎಳೆಯುವುದು, ಘಾಟಿ ಇಳಿಯುವಾಗ ಡ್ರಮ್ ಕಾದು ಹಿಗ್ಗಿ ಲೈನರಿನಿಂದ (ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಪಟ್ಟಿಯಿಂದ) ದೂರ ಸರಿದು ಪೆಡಲ್ ಕೆಳಕೆಳಗೆ ಹೋಗುವುದು, ಇವೆರಡೂ ಈ ಜೀಪು ಓಡಿಸಿದವರಿಗೆ ಚೆನ್ನಾಗಿ ಗೊತ್ತು. ಚಕ್ರದೊಂದಿಗೆ ತಿರುಗುವ ತಟ್ಟೆಯನ್ನು ಎರಡು ಬದಿಯಿಂದ ಪ್ಯಾಡುಗಳು ಒತ್ತಿ ಹಿಡಿಯುವ ಡಿಸ್ಕ್ ಬ್ರೇಕ್ ಹಾಕಿದರೆ ಎರಡೂ ತೊಂದರೆ ಬಹುಮಟ್ಟಿಗೆ ನೀಗುತ್ತವೆ. ಆದರೆ ಚಕ್ರದ ಬಳಿಯ ಕೆಲಸ ಸುಲಭದ ಅರ್ಧ ಮಾತ್ರ. ಬ್ರೇಕ್ ಹಿಡಿಯುತ್ತದೆಯೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ.

ಮುಂದಿನ ಎರಡು ಚಕ್ರಗಳಿಗೆ ಮಾತ್ರ ಡಿಸ್ಕ್ ಹಾಕಿ, ಹಿಂದಿನ ಡ್ರಮ್ಮುಗಳನ್ನು ಹಾಗೆಯೇ ಉಳಿಸಿಕೊಳ್ಳುವುದು ಉತ್ತಮ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬೀಳುತ್ತದೆ. ಕೇವಲ 80 ಇಂಚಿನ ವೀಲ್‌ಬೇಸ್ ಇರುವ ಈ ಗಾಡಿಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆದರೆ ಜೀಪು ರಸ್ತೆಗೆ ಅಡ್ಡ ತಿರುಗುತ್ತದೆ. ಕೆಲಸಕ್ಕೆ ಕೈಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆ ಕಂಪನಿಯಲ್ಲೂ ವಿಚಾರಿಸಿಕೊಳ್ಳಬೇಕು.

ಈ ಜೀಪಿನ ಹಬ್ಬಿಗೆ 139.7 ಮಿ.ಮೀ. ಪಿಸಿಡಿಯಲ್ಲಿ (ಬೋಲ್ಟುಗಳ ನಡುಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸ) ಐದು ಬೋಲ್ಟ್‌ಗಳಿವೆ. ಅದೇ ಅಳತೆಗೆ ಕೂರುವ ಡಿಸ್ಕ್ ಮತ್ತು ಅದಕ್ಕೆ ಜೊತೆಯಾದ ಕ್ಯಾಲಿಪರನ್ನು (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಆರಿಸಿ, ಕೊಳ್ಳುವ ಮುನ್ನವೇ ನಿಮ್ಮ ರಿಮ್ಮನ್ನು ಮೇಲೆ ಕೂರಿಸಿ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ. ಕ್ಯಾಲಿಪರ್ ರಿಮ್ಮಿನ ಒಳಮೈಗೆ ತಾಗುವಂತಿದ್ದರೆ ಆ ಜೋಡಿಯನ್ನು ಅಲ್ಲಿಗೇ ಬಿಡಿ.

ಜೀಪನ್ನು ಸಮತಟ್ಟಾದ ನೆಲದಲ್ಲಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಜಾಕನ್ನು ಮಾತ್ರ ನಂಬಿ ಅಡಿಗೆ ಹೋಗಬಾರದು. ಹಬ್ ಕಳಚಿದ ಮೇಲೆ, ಸ್ಪಿಂಡಲ್ಲನ್ನೂ (ಹಬ್ ತಿರುಗುವ ಅಚ್ಚು) ಬ್ರೇಕ್ ಶೂಗಳ ಹಿಂಬದಿ ತಟ್ಟೆಯನ್ನೂ ಒಟ್ಟಿಗೆ ಹಿಡಿದಿರುವ ಆರು ಬೋಲ್ಟ್‌ಗಳು ಕಾಣುತ್ತವೆ. ಆ ತಟ್ಟೆಯನ್ನು ತೆಗೆದು ಅದೇ ಜಾಗಕ್ಕೆ ಕ್ಯಾಲಿಪರ್ ಬ್ರಾಕೆಟ್ ಕೂರಿಸಬೇಕು. ಬ್ರಾಕೆಟ್ಟನ್ನು ಒಂದೇ ತಟ್ಟೆಯಿಂದ ಮಾಡಿಸಬೇಕೇ ಹೊರತು ತುಂಡುಗಳನ್ನು ವೆಲ್ಡ್ ಮಾಡಿ ಜೋಡಿಸಬಾರದು, ಏಕೆಂದರೆ ಬ್ರೇಕಿನ ಪೂರ್ತಿ ಎಳೆತ ಬೀಳುವುದು ಅದರ ಮೇಲೆಯೇ. ಹಳೆಯ ಆಯಿಲ್ ಸೀಲುಗಳನ್ನು ಇದೇ ಹೊತ್ತಿನಲ್ಲಿ ಬದಲಾಯಿಸಿ. ಗ್ರೀಸ್ ಒಂದು ಹನಿ ಪ್ಯಾಡಿಗೆ ತಾಗಿದರೂ ಆ ಪ್ಯಾಡ್ ಕೆಟ್ಟಂತೆಯೇ. ಡಿಸ್ಕ್ ಕೂರಿಸಿದ ಮೇಲೆ ಡಯಲ್ ಗೇಜ್ (ಸೂಕ್ಷ್ಮ ಏರಿಳಿತ ತೋರುವ ಮುಳ್ಳಿನ ಮಾಪಕ) ಇಟ್ಟು ತಿರುಗಿಸಿದರೆ ಓಲಾಟ 0.1 ಮಿ.ಮೀ. ಮೀರಬಾರದು.

ಇನ್ನು ಮಾಸ್ಟರ್ ಸಿಲಿಂಡರ್. ಡ್ರಮ್ಮಿಗೆಂದು ಮಾಡಿದ ಹಳೆಯ ಸಿಲಿಂಡರಿನೊಳಗೆ ಪೈಪಿನಲ್ಲಿ ಸುಮಾರು 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಉಳಿಸುವ ವಾಲ್ವ್ ಇರುತ್ತದೆ. ಡಿಸ್ಕಿಗೆ ಅಷ್ಟು ಒತ್ತಡ ಉಳಿದರೆ ಪ್ಯಾಡುಗಳು ಸದಾ ಉಜ್ಜುತ್ತಾ ಕಾಯುತ್ತವೆ. ಒತ್ತಡವೇ ಉಳಿಯದಿದ್ದರೆ ಇನ್ನೊಂದು ತೊಡಕು: ಸಿಲಿಂಡರ್ ಪಾದದಡಿಯ ನೆಲಹಾಸಿನ ಕೆಳಗೆ, ಕ್ಯಾಲಿಪರಿಗಿಂತ ತಗ್ಗಿನಲ್ಲಿ ಇರುವುದರಿಂದ ಬ್ರೇಕ್ ಆಯಿಲ್ ಹಿಂದಕ್ಕೆ ಇಳಿದು, ಮೊದಲ ಸಲ ಒತ್ತಿದಾಗ ಪೆಡಲ್ ಆಳಕ್ಕೆ ಹೋಗುತ್ತದೆ. ಹಾಗಾಗಿ ಮುಂದಿನ ಪೈಪಿಗೆ 2 ಪಿಎಸ್‌ಐ ವಾಲ್ವ್, ಹಿಂದಿನದಕ್ಕೆ 10 ಪಿಎಸ್‌ಐ ವಾಲ್ವ್ ಬೇಕು. ಮುಂದೆ ಮತ್ತು ಹಿಂದೆ ಬೇರೆ ಬೇರೆ ದಾರಿಯಿರುವ ಜೋಡಿ ಸಿಲಿಂಡರನ್ನೇ ಹಾಕಿ. ಹಳೆಯದರಲ್ಲಿ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕ್ ಹೋಗುತ್ತದೆ. ಡಿಸ್ಕಿಗೆ ಹೆಚ್ಚು ಒತ್ತಡ ಬೇಕಾದ್ದರಿಂದ ಪಾದದ ಒತ್ತನ್ನು ನಿರ್ವಾತದ ಬಲದಿಂದ ಹೆಚ್ಚಿಸುವ ಬೂಸ್ಟರ್ ಇದ್ದರೆ ಒಳ್ಳೆಯದು, ಆದರೆ ಡೀಸೆಲ್ ಎಂಜಿನ್ ಕೂರಿಸಿದ ಜೀಪಿನಲ್ಲಿ ಅದಕ್ಕೆ ಬೇಕಾದ ನಿರ್ವಾತ ತಾನಾಗಿ ಸಿಗುವುದಿಲ್ಲ. ವ್ಯಾಕ್ಯೂಮ್ ಪಂಪ್ ಬೇಕು. ಹಿಂದಿನ ಪೈಪಿಗೆ ಒತ್ತಡ ತಗ್ಗಿಸುವ ಹೊಂದಾಣಿಕೆಯ ವಾಲ್ವ್ ಹಾಕಿ, ಮುಂದಿನ ಚಕ್ರವೇ ಮೊದಲು ಲಾಕ್ ಆಗುವಂತೆ ತಿರುಗಿಸಿಕೊಳ್ಳಿ. ತಾಮ್ರದ ಪೈಪನ್ನು ಎಲ್ಲೂ ಬಳಸಬೇಡಿ, ಅದು ಅದುರಿ ಅದುರಿ ಬಿರುಕು ಬಿಡುತ್ತದೆ.

ಪೈಪಿನೊಳಗೆ ಸೇರಿದ ಗಾಳಿಯನ್ನು, ಅಂದರೆ ಏರ್, ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ಅಂದರೆ ಸ್ಟೀರಿಂಗ್ ಬಲಕ್ಕಿರುವ ಜೀಪಿನಲ್ಲಿ ಹಿಂದಿನ ಎಡ ಚಕ್ರದಿಂದ, ಆರಂಭಿಸಿ. ನನ್ನ ಜೀಪಿನಲ್ಲಿ ಎರಡು ದಿನ ಏರ್ ತೆಗೆದರೂ ಪೆಡಲ್ ಮೆತ್ತಗೇ ಇತ್ತು. ಕೊನೆಗೆ ಟಾರ್ಚ್ ಹಿಡಿದು ನೋಡಿದಾಗ ಎರಡೂ ಕ್ಯಾಲಿಪರುಗಳ ಗಾಳಿ ಹೊರಬಿಡುವ ಬ್ಲೀಡರ್ ತಿರುಪು ಕೆಳಮುಖವಾಗಿತ್ತು. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ದೆ. ಗಾಳಿ ಯಾವಾಗಲೂ ಮೇಲಕ್ಕೇ ಸೇರುವುದರಿಂದ ಬ್ಲೀಡರ್ ಮೇಲ್ಭಾಗದಲ್ಲೇ ಇರಬೇಕು. ಅದಲು ಬದಲು ಮಾಡಿದ ಮೇಲೆ ಹತ್ತು ನಿಮಿಷದಲ್ಲಿ ಪೆಡಲ್ ಗಟ್ಟಿಯಾಯಿತು.

ಪೆಡಲ್ಲಿಗೆ ಸುಮಾರು ಅರ್ಧ ಇಂಚು ಖಾಲಿ ಚಲನೆ ಬಿಡಿ. ಸ್ಟೀರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ, ರಬ್ಬರ್ ಹೋಸ್ ಟೈರಿಗಾಗಲಿ ಸ್ಪ್ರಿಂಗಿಗಾಗಲಿ ತಾಗದಂತೆ ಇದೆಯೇ ಎಂದು ನೋಡಿ. ನಂತರ ಖಾಲಿ ರಸ್ತೆಯಲ್ಲಿ ಸಾಧಾರಣ ವೇಗದಿಂದ ಹಲವು ಬಾರಿ ನಿಧಾನವಾಗಿ ಬ್ರೇಕ್ ಒತ್ತಿ, ನಡುನಡುವೆ ಆರಲು ಬಿಟ್ಟು, ಪ್ಯಾಡುಗಳನ್ನು ಡಿಸ್ಕಿಗೆ ಪಳಗಿಸಬೇಕು. ಆಮೇಲೆ ಬ್ರೇಕ್ ಮುಟ್ಟದೆ ಒಂದೆರಡು ಕಿಲೋಮೀಟರ್ ಓಡಿಸಿ, ಜೀಪನ್ನು ತಾನಾಗಿ ನಿಲ್ಲಲು ಬಿಟ್ಟು, ಮುಂದಿನ ಎರಡೂ ಚಕ್ರಗಳ ಹತ್ತಿರ ಕೈಯೊಡ್ಡಿ ನೋಡಿ. ಎರಡೂ ಬಿಸಿಯಾಗಿದ್ದರೆ ಪೆಡಲ್ಲಿನ ಖಾಲಿ ಚಲನೆ ಅಥವಾ ವಾಲ್ವ್ ಸರಿಯಿಲ್ಲ, ಒಂದು ಮಾತ್ರ ಬಿಸಿಯಾಗಿದ್ದರೆ ಆ ಕಡೆಯ ಕ್ಯಾಲಿಪರ್ ಸಡಿಲಗೊಳ್ಳುತ್ತಿಲ್ಲ ಎಂದರ್ಥ. ಅದನ್ನು ಸರಿಪಡಿಸುವವರೆಗೆ ಜೀಪನ್ನು ಘಾಟಿಗೆ ಇಳಿಸಬೇಡಿ.