ಏರಿನಲ್ಲಿ ಕೈಕೊಡುವ ಹಳೆ ಓಮ್ನಿ: ತೊಂದರೆ ಎಲ್ಲಿದೆ ಅಂತ ಹಿಡಿಯುವುದು ಹೇಗೆ?

ಹಿಂದಿನ ಸೀಟು ತೆಗೆದು ಹಾಸಿಗೆ, ಸ್ಟೌ ಇಟ್ಟುಕೊಂಡ ಹಳೆ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಓಮ್ನಿ ಚಿಕ್ಕಮಗಳೂರು ಪೇಟೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ಕೈಮರ ದಾಟಿ ಮುಳ್ಳಯ್ಯನಗಿರಿಯ ಏರು ಹತ್ತಿದರೆ ಮಿಸ್ಸಿಂಗ್ ಹೊಡೆದು ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗದ ಹಾಗೆ ಸ್ಟಾರ್ಟ್. ಗ್ಯಾರೇಜಿಗೆ ಒಯ್ದರೆ ಅಲ್ಲಿ ತೊಂದರೆಯೇ ಕಾಣುವುದಿಲ್ಲ. ಆಮೇಲೆ ಅಂದಾಜಿನ ಮೇಲೆ ಪ್ಲಗ್, ಅದಕ್ಕೆ ಹೈ ವೋಲ್ಟೇಜ್ ಕೊಡುವ ಕಾಯಿಲ್, ಪೆಟ್ರೋಲ್ ಎಳೆಯುವ ಪಂಪ್ ಅಂತ ಬದಲಾಯಿಸಿ ಸುಮ್ನೆ ದುಡ್ಡು ಹೋಗುತ್ತದೆ. ಗಾಡಿ ನಿಂತ ಆ ಹೊತ್ತಿನಲ್ಲೇ ಹುಡುಕಬೇಕು. ಇಂಜಿನ್ ತಣ್ಣಗಾದರೆ ಸುಳಿವು ಸಿಗುವುದಿಲ್ಲ.

ಮೊದಲು ಒಂದು ಪುಸ್ತಕ ಇಡಿ. ನಿಂತಾಗ ಇಂಜಿನ್ ಬಿಸಿ ಇತ್ತೇ, ಮಳೆ ಇತ್ತೇ, ಗುಂಡಿಗೆ ಇಳಿದಾಗ ಆಯಿತೇ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು ಎಂದು ಬರೆಯಿರಿ. ಗುಂಡಿಯಲ್ಲಿ ಕುಲುಕಿದಾಗ ಮಾತ್ರ ಆಫ್ ಆದರೆ ಹೆಚ್ಚಾಗಿ ವೈರ್ ಸಡಿಲ. ಪೆಟ್ರೋಲ್ ತಳ ಸೇರಿದಾಗ ಮಾತ್ರ ಆದರೆ ಟ್ಯಾಂಕಿನ ಕಸ, ತುಕ್ಕಿನ ಮೇಲೆ ಅನುಮಾನ ಇಡಿ.

ಎರಡನೆಯದು, ಆಮೇಲೆ ಹಾಕಿಸಿದ ದೀಪ, ಫ್ಯಾನ್, ಇನ್ವರ್ಟರ್, ಎರಡನೇ ಬ್ಯಾಟರಿ. ಇವೆಲ್ಲವನ್ನೂ ಬಿಡಿಸಿ ಒಂದು ಸಲ ಅದೇ ರಸ್ತೆಯಲ್ಲಿ ಓಡಿಸಿ. ಎಷ್ಟೋ ಸಲ ಇಗ್ನಿಷನ್ ವೈರಿನಿಂದಲೇ ಲೈನ್ ಎಳೆದು ದೀಪಕ್ಕೆ ಕೊಟ್ಟಿರುತ್ತಾರೆ. ನನ್ನ ಪ್ರಕಾರ ಮನೆ ಮಾಡಿಕೊಂಡ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದೇ ಇದು.

ಇನ್ನು ಮುಖ್ಯವಾದ ಕೆಲಸ. ಏರಿನಲ್ಲಿ ನಿಂತರೆ ರಸ್ತೆ ಬದಿಗೆ ತಂದು ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಒಳಗಿನ ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ಬಾಗಿಲುಗಳನ್ನೆಲ್ಲ ತೆರೆಯಿರಿ. ಓಮ್ನಿಯ ಇಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಸೀಟು ಎತ್ತಿದರೆ ಸಾಕು. ಪೆಟ್ರೋಲ್ ವಾಸನೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಒಂದು ಪ್ಲಗ್ ವೈರಿಗೆ ಸ್ಪೇರ್ ಪ್ಲಗ್ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಇಂಜಿನ್ನಿಗೆ ಕ್ಲಿಪ್ಪಿನಿಂದ ಬಿಗಿಯಿರಿ. ಕೈಯಲ್ಲಿ ಹಿಡಿಯಲೇಬೇಡಿ, ಶಾಕ್ ಜೋರಾಗಿರುತ್ತದೆ. ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ನೀಲಿ ಕಿಡಿ ಪಟಪಟ ಬಂತೇ? ಹಾಗಾದರೆ ತೊಂದರೆ ಹೆಚ್ಚಾಗಿ ಪೆಟ್ರೋಲ್ ಕಡೆ. ಕಿಡಿಯೇ ಇಲ್ಲವೇ? ಕರೆಂಟ್ ಕಡೆ ನೋಡಿ.

ಪೆಟ್ರೋಲ್ ಕಡೆ ಅಂದರೆ ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸ್ಟಾರ್ಟ್ ಆದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಅದಲ್ಲದಿದ್ದರೆ ಪಂಪ್ ಮತ್ತು ಪೈಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಹೊತ್ತು ಕಾಯಿರಿ. ಬಟ್ಟೆ ಡೆಲ್ಕೋ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್), ವೈರುಗಳಿಗೆ ತಾಗದಿರಲಿ. ತಣ್ಣಗಾದ ಕೂಡಲೇ ಇಂಜಿನ್ ಹಿಡಿದರೆ ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗುತ್ತಿದೆ ಅನ್ನಬಹುದು. ಪೈಪು ಇಂಜಿನ್ನಿಗೆ ತಾಗದ ಹಾಗೆ ದೂರ ಸರಿಸಿ ಕಟ್ಟಿಸಿ. ಫಿಲ್ಟರ್ ಹಳೆಯದಾಗಿದ್ದರೆ ಯೋಚಿಸದೆ ಬದಲಾಯಿಸಿ, ಅದು ಅಗ್ಗದ ಸಾಮಾನು. ರಬ್ಬರ್ ಪೈಪನ್ನು ಬಗ್ಗಿಸಿ ನೋಡಿ, ಸೀಳು ಕಂಡರೆ ಅದೂ ಹೊಸದಾಗಲಿ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹಳೆ ರಬ್ಬರಿಗೆ ಆಗಿಬರುವುದಿಲ್ಲ.

ಕಿಡಿ ಇಲ್ಲದಿದ್ದರೆ ಕಾಯಿಲ್ ನೋಡಬೇಕು. ಬಿಸಿಯಾದಾಗ ಸತ್ತು, ತಣ್ಣಗಾದಾಗ ಬದುಕುವ ಕಾಯಿಲ್ ಸಾಮಾನ್ಯ. ಮಳೆಗಾಲದಲ್ಲಿ ಮಾತ್ರ ತೊಂದರೆಯಾದರೆ ಡೆಲ್ಕೋ ಮುಚ್ಚಳ ಬಿಚ್ಚಿ ಒಳಗೆ ಬೆಳಕು ಬಿಡಿ. ಕೆಲವು ಸಲ ಪೆನ್ಸಿಲ್ಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಒಳಗಿನ ಒಂದು ಲೋಹದ ತುದಿಯಿಂದ ಇನ್ನೊಂದಕ್ಕೆ ಹೋಗಿರುತ್ತದೆ. ಕರೆಂಟ್ ಆ ದಾರಿಯಲ್ಲಿ ಸೋರುತ್ತಿದೆ ಅಂತ ಅರ್ಥ. ಒರೆಸಿದರೆ ಸಾಲದು, ಮುಚ್ಚಳವೇ ಬದಲಾಗಬೇಕು. ಕತ್ತಲಲ್ಲಿ ಇಂಜಿನ್ ಓಡಿಸಿ ನೋಡಿದರೆ ಸೀಳಿದ ಪ್ಲಗ್ ವೈರುಗಳ ಮೇಲೂ ಕಿಡಿ ಕಾಣುತ್ತದೆ.

ಬ್ಯಾಟರಿಯನ್ನೂ ಅಳೆಯಿರಿ. ಇಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಹತ್ತಿರ, ಓಡುವಾಗ ಸುಮಾರು 14 ಇರಬೇಕು. ಅರ್ತ್ ವೈರಿನ ಬೋಲ್ಟ್ ಬಿಚ್ಚಿ ತುಕ್ಕು ಉಜ್ಜಿ ಬಿಗಿಯಿರಿ. ತೋಟದ ಶೆಡ್ಡಿನಲ್ಲಿ ನಿಲ್ಲಿಸುವ ಗಾಡಿಗೆ ಇಲಿ ಕಾಟ ಇದ್ದೇ ಇರುತ್ತದೆ, ಅಲ್ವಾ? ಕಡಿದ ವೈರಿಗೆ ಹುಡುಕಾಡಿ.

ಒಂದು ವಿಷಯ ಗೊತ್ತಿರಲಿ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಬಳಿ ಗಾಳಿ ತೆಳು. ಅಲ್ಲಿ ಕಾರ್ಬೊರೇಟರ್ ಗಾಡಿ ಸ್ವಲ್ಪ ಕಪ್ಪು ಹೊಗೆ ಬಿಟ್ಟು, ಪಿಕಪ್ ಕಡಿಮೆಯಾಗುವುದು ಸಹಜ. ಅದಕ್ಕೆ ಟ್ಯೂನಿಂಗ್ ಸ್ಕ್ರೂ ತಿರುಗಿಸಲು ಹೋಗಬೇಡಿ. ಕೆಳಗಿಳಿದ ಮೇಲೆ ಹೊಸ ತೊಂದರೆ ಶುರುವಾಗುತ್ತದೆ.

ಇಷ್ಟಾದರೂ ಸಿಗದಿದ್ದರೆ ಪುಸ್ತಕ ತೆಗೆದುಕೊಂಡು ಮೆಕ್ಯಾನಿಕ್ ಬಳಿ ಹೋಗಿ. ಪೇಟೆಯಲ್ಲಿ ಓಡಿಸಿ ನೋಡುವುದರ ಬದಲು ಅವರನ್ನೂ ಕೂರಿಸಿಕೊಂಡು ಗಾಡಿ ನಿಲ್ಲುವ ಏರಿಗೇ ಕರೆದೊಯ್ಯಿರಿ.