ಹೂವು ಉದುರಿಸುತ್ತಿದ್ದ ಮೆಣಸಿನ ಗಿಡ ಕಾಯಿ ಕಚ್ಚಿದ್ದು ಹೀಗೆ

ಬಾಲ್ಕನಿಯ ಕುಂಡದಲ್ಲಿ ಮೂರು ಮೆಣಸಿನ ಗಿಡ. ಎಲೆ ಕಡು ಹಸಿರು, ಹೂವೂ ಜಾಸ್ತಿ, ಕಾಯಿ ಮಾತ್ರ ಒಂದೂ ಇಲ್ಲ. ತೊಟ್ಟು ಹಳದಿಯಾಗಿ, ಮುಟ್ಟಿದರೆ ಸಾಕು, ಹೂವು ಕಳಚಿ ಬೀಳುತ್ತಿತ್ತು. ಎರಡು ತಿಂಗಳು ಇದೇ ಕಥೆ.

ಬೇವಿನ ಎಣ್ಣೆ ಸಿಂಪಡಿಸಿದೆ, ಪ್ರಯೋಜನವಾಗಲಿಲ್ಲ. ದಿನಕ್ಕೆರಡು ಸಲ ನೀರು ಹಾಕಿದೆ, ಇನ್ನೂ ಜಾಸ್ತಿ ಉದುರಿತು. ಯೂರಿಯಾ ಕೊಟ್ಟಿದ್ದಂತೂ ದೊಡ್ಡ ತಪ್ಪು. ಅದರಲ್ಲಿರುವ ಸಾರಜನಕ ಹೆಚ್ಚಾದರೆ ಗಿಡ ಬರೀ ಎಲೆ ಬಿಡುತ್ತದೆ.

ಮೊದಲು ಯೂರಿಯಾ ನಿಲ್ಲಿಸಿದೆ. ಬೆರಳನ್ನು ಒಂದು ಇಂಚು ಇಳಿಸಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕಿದೆ. ಆದರೂ ಕಾಯಿ ಕಚ್ಚಿಸಿದ್ದು ಪರಾಗಸ್ಪರ್ಶ. ಮೆಣಸಿನ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗ ಇರುತ್ತವೆ, ಇನ್ನೊಂದು ಗಿಡ ಬೇಕಿಲ್ಲ. ಅಲುಗಾಟ ಬೇಕು, ಅಷ್ಟೇ. ನನ್ನ ಬಾಲ್ಕನಿಗೆ ಗಾಜು ಹಾಕಿದೆ. ಗಾಳಿ ಆಡಲ್ಲ, ಜೇನು ಬರಲ್ಲ. ಹಾಗಾಗಿ ದಿನಾ ಬೆಳಿಗ್ಗೆ, ಹೂವು ಪೂರ್ತಿ ಅರಳಿದ ಮೇಲೆ, ಟೊಂಗೆಯನ್ನು ಬೆರಳಿನಿಂದ ನಾಲ್ಕೈದು ಸಲ ಮೆಲ್ಲಗೆ ತಟ್ಟಿದೆ. ಕೇಸರದ (ಹೂವಿನ ಗಂಡು ಭಾಗದ) ತುದಿ ಬಿರಿದು ಪುಡಿ ಕಾಣುವ ತನಕ ಕಾಯಬೇಕು, ಮೊದಲೇ ತಟ್ಟಿದರೆ ಪರಾಗ ಉದುರಲ್ಲ. ಆಮೇಲೆ ಮೆತ್ತನೆ ಬ್ರಷ್ಷನ್ನು ಹೂವಿನ ಒಳಗೆ ಒಂದು ಸುತ್ತು ಆಡಿಸಿದೆ.

ಹತ್ತು ದಿನದಲ್ಲಿ ದಳ ಒಣಗಿದರೂ ತೊಟ್ಟು ಹಸಿರಾಗೇ ನಿಂತಿತು, ನಡುವೆ ಸಾಸಿವೆಗಿಂತ ತುಸು ದೊಡ್ಡ ಕಾಯಿ. ಹಗಲು 35 ಡಿಗ್ರಿ ದಾಟಿದರೆ ತಟ್ಟಿದರೂ ಹೂವು ಉದುರುತ್ತದೆ. ಅಂಥ ದಿನ ಮಧ್ಯಾಹ್ನ ನೆರಳಿಗೆ ಬಟ್ಟೆ ಕಟ್ಟಿ.